ಹೆಸರಿಲ್ಲದ ಪುಡಿ: ಶಿರಸಿ ಕಡೆಯ ಎಂಟು ವರ್ಷದ ಹುಡುಗಿಯ ಉಬ್ಬಸ

ರೋಗಿ ಎಂಟು ವರ್ಷದ ಹುಡುಗಿ, ಮೂರನೆಯ ತರಗತಿ. ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ. ಜುಲೈ ತಿಂಗಳ ಒಂದು ರಾತ್ರಿ ಆಕೆಯನ್ನು ನಮ್ಮ ಆಸ್ಪತ್ರೆಗೆ ಕರೆತಂದಾಗ ಮನೆಯವರು ಹೇಳಿದ್ದು ಎರಡೇ ತೊಂದರೆ: ಎರಡು ದಿನದಿಂದ ವಾಂತಿ, ಸಂಜೆಯಿಂದ ದಮ್ಮು. ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಉಸಿರಾಟ ನಿಮಿಷಕ್ಕೆ 44. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ರಕ್ತದ ಆಮ್ಲಜನಕದ ಮಟ್ಟ ಶೇ 91. ಎದೆಯ ಎರಡೂ ಬದಿಯಲ್ಲಿ ಸುಂಯ್ ಎನ್ನುವ ಸದ್ದು. ಇಷ್ಟೇ ಆಗಿದ್ದರೆ ಮಲೆನಾಡಿನ ಮಳೆಗಾಲದಲ್ಲಿ ಮಕ್ಕಳ ವೈದ್ಯರೆಲ್ಲರೂ ಕಾಣುವ ಉಬ್ಬಸ. ಆದರೆ ರಕ್ತದೊತ್ತಡ 82/48 ಇತ್ತು, ಸಕ್ಕರೆ 54ಕ್ಕೆ ಇಳಿದಿತ್ತು, ಸೋಡಿಯಂ 130; ಮೂರೂ ಕಡಿಮೆಯೇ. ಉಬ್ಬಸ ಕೆರಳಿದ ಮಗುವಿನಲ್ಲಿ ದೇಹದ ಒತ್ತಡದಿಂದಾಗಿ ಸಕ್ಕರೆ ಏರಿರಬೇಕು, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟ ಮೇಲಂತೂ ಇನ್ನಷ್ಟು ಏರಬೇಕು. ಇಲ್ಲಿ ಅದಕ್ಕೆ ವಿರುದ್ಧವಾಗಿತ್ತು.

ಇನ್ನೊಂದು ಸುಳಿವು ಮುಖದಲ್ಲಿತ್ತು. ಕೆನ್ನೆ ಉಬ್ಬಿ, ಕತ್ತು ತುಂಬಿ, ದುಂಡಗಾಗಿತ್ತು. ಕೈಕಾಲು ಮಾತ್ರ ಸಣ್ಣ. "ಈ ವರ್ಷ ಚೆನ್ನಾಗಿ ಮೈ ಕೈ ತುಂಬಿಕೊಂಡಿದ್ದಾಳೆ" ಎಂದರು ತಾಯಿ. ಚೀಲದಲ್ಲಿದ್ದ ಶಾಲೆಯ ಗುರುತಿನ ಚೀಟಿ ತೆಗೆದು ನೋಡಿದರೆ ಹಿಂದಿನ ವರ್ಷದ ಜೂನ್‌ನ ಫೋಟೊದಲ್ಲಿ ಗಲ್ಲದ ಮೂಳೆ ಎದ್ದು ಕಾಣುವ ತೆಳ್ಳನೆಯ ಹುಡುಗಿ. ಎರಡು ಮುಖಕ್ಕೂ ಸಂಬಂಧವೇ ಇದ್ದಂತಿರಲಿಲ್ಲ. ಇಂಥ ಮುಖ ತಿಂಗಳುಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರಲ್ಲಿ ಕಾಣುತ್ತದೆ.

ಆಮ್ಲಜನಕ, ಸಾಲ್ಬುಟಮಾಲ್ ಮತ್ತು ಇಪ್ರಾಟ್ರೋಪಿಯಂ ನೆಬ್ಯುಲೈಜರ್, ಗ್ಲೂಕೋಸ್ ಸೇರಿಸಿದ ಸಲೈನ್ ಶುರುವಾಯಿತು. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಎಷ್ಟಿದೆ ಎಂಬ ಪರೀಕ್ಷೆಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ ರಕ್ತನಾಳದ ಮೂಲಕ ಅದರ ಔಷಧ ರೂಪವಾದ ಹೈಡ್ರೊಕಾರ್ಟಿಸೋನ್ 50 ಮಿಲಿಗ್ರಾಂ ಕೊಟ್ಟೆವು. ಮೂತ್ರಪಿಂಡದ ಮೇಲೆ ಕೂತು ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಸೋತಿದೆ ಎಂಬ ಅನುಮಾನ ಬಂದರೆ ಕಾಯುವ ಹಾಗಿಲ್ಲ. ಅನುಮಾನ ಸುಳ್ಳಾದರೂ ಒಂದು ಡೋಸ್‌ನಿಂದ ನಷ್ಟವಿಲ್ಲ, ನಿಜವಾಗಿದ್ದು ಕೊಡದೇ ಹೋದರೆ ಮಗು ಉಳಿಯುವುದು ಕಷ್ಟ. ಬೆಳಗಿನ ಹೊತ್ತಿಗೆ ರಕ್ತದೊತ್ತಡ ಏರಿ, ಗಂಜಿ ಕೇಳಿದಳು. ಹುಬ್ಬಳ್ಳಿಯಿಂದ ಬಂದ ವರದಿಯಲ್ಲಿ ಕಾರ್ಟಿಸಾಲ್ ಡೆಸಿಲೀಟರಿಗೆ 1.2 ಮೈಕ್ರೋಗ್ರಾಂ. ಅಂಥ ಸಂಕಟದಲ್ಲಿ ಆರೋಗ್ಯವಂತ ಗ್ರಂಥಿ 18ಕ್ಕಿಂತ ಹೆಚ್ಚು ತೋರಿಸಬೇಕು.

ಹಾಗಾದರೆ ಮುಖ ಹೇಳುತ್ತಿದ್ದ ಆ ಸ್ಟೀರಾಯ್ಡ್ ಎಲ್ಲಿಂದ ಬಂತು?

"ಬೇರೆ ಯಾವುದಾದರೂ ಔಷಧ ಕೊಡುತ್ತಿದ್ದಿರಾ?" ಎಂಬ ಪ್ರಶ್ನೆಗೆ ರಾತ್ರಿಯೇ ಉತ್ತರ ಬಂದಿತ್ತು: "ಇಲ್ಲ, ಏನೂ ಇಲ್ಲ." ಸುಳ್ಳು ಹೇಳಿದ್ದಲ್ಲ. ಔಷಧವೆಂದರೆ ಆಸ್ಪತ್ರೆಯದು, ಮಾತ್ರೆ, ಸೂಜಿ. ಮನೆಯಲ್ಲಿ ಕೊಡುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಮಾರನೆಯ ದಿನ ಅಜ್ಜಿಯನ್ನು ಬೇರೆ ರೀತಿಯಲ್ಲಿ ಕೇಳಿದೆ: "ಅಮ್ಮಾ, ಮೊಮ್ಮಗಳಿಗೆ ಕೆಮ್ಮು ಬಂದರೆ ಮನೆಯಲ್ಲಿ ಏನೇನು ಮಾಡುತ್ತೀರಿ? ಬೆಳಿಗ್ಗೆ ಎದ್ದಲ್ಲಿಂದ ಹೇಳಿ." ಅಜ್ಜಿ ಬೆರಳು ಮಡಚುತ್ತಾ ಹೇಳಿದರು. ಬೆಳಿಗ್ಗೆ ಜ್ಯೇಷ್ಠಮಧು ಹಾಕಿದ ಕಷಾಯ. ಮಧ್ಯಾಹ್ನ ಶಾಲೆಯಿಂದ ಬಂದರೆ ಆಡುಸೋಗೆ ಎಲೆಯ ರಸ, ಜೇನುತುಪ್ಪ. ಸಂಜೆ ಹಬೆ. ರಾತ್ರಿ ಎದೆಗೆ ಕರ್ಪೂರ ಕಾಯಿಸಿದ ಕೊಬ್ಬರಿ ಎಣ್ಣೆ. ಶಿರಸಿಯ ವೈದ್ಯರೊಬ್ಬರು ಬರೆದುಕೊಟ್ಟ ಸಿತೋಪಲಾದಿ ಚೂರ್ಣ. ಬಾಳೆಹಣ್ಣು, ಮೊಸರು, ಹಾಲು ಬಂದ್. "ಆಮೇಲೆ ಆ ಪುಡಿ. ಅದೊಂದೇ ನೋಡಿ ಗುಣ ಕೊಟ್ಟದ್ದು."

ಮಾರ್ಚ್‌ನಲ್ಲಿ ಊರಿನ ತೇರಿನ ಹೊತ್ತಿಗೆ ಬಂದ ಮಾರಾಟಗಾರನಿಂದ ಕೊಂಡ ಪುಡಿ ಅದು. ತಂದೆ ತಂದು ತೋರಿಸಿದರು: ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಂದು ಪುಡಿ, ಹಿಪ್ಪಲಿಯ ಘಾಟು, ನಡುನಡುವೆ ಬಿಳಿಯ ಸಣ್ಣ ಕಾಳು. ಡಬ್ಬಿಯ ಮೇಲೆ ಹೆಸರಿಲ್ಲ, ಪರವಾನಗಿ ಸಂಖ್ಯೆ ಇಲ್ಲ, ಬ್ಯಾಚ್ ಇಲ್ಲ, ತಯಾರಾದ ದಿನಾಂಕವಿಲ್ಲ. ದಿನಕ್ಕೆರಡು ಚಿಟಿಕೆ. ಕೊಡಲು ಶುರು ಮಾಡಿದ ವಾರದೊಳಗೆ ರಾತ್ರಿಯ ಕೆಮ್ಮು ನಿಂತಿತು, ಹಸಿವು ಹೆಚ್ಚಿತು, ನಾಲ್ಕು ತಿಂಗಳಲ್ಲಿ ಐದು ಕಿಲೋ ಏರಿದಳು. ಜುಲೈ ಮೊದಲ ವಾರ ಡಬ್ಬಿ ತಳ ಕಂಡಿತು. ಮಾರಾಟಗಾರ ಕೊಟ್ಟಿದ್ದ ಮೊಬೈಲ್ ನಂಬರ್ ಬಂದಾಗಿತ್ತು. ಹತ್ತು ದಿನಗಳಲ್ಲಿ ಮಗು ಮಂಕಾಯಿತು, ಬಳಿಕ ನೆಗಡಿ, ವಾಂತಿ, ದಮ್ಮು. ಡಬ್ಬಿಯ ತಳದಲ್ಲಿ ಉಳಿದಿದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಅದರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು.

ಡೆಕ್ಸಾಮೆಥಾಸೋನ್ ಒಳ್ಳೆಯ ಔಷಧ, ಬಲಿಷ್ಠ ಔಷಧ. ಅದರ 0.75 ಮಿಲಿಗ್ರಾಂ, ಪ್ರೆಡ್ನಿಸೊಲೋನ್ ಎಂಬ ಇನ್ನೊಂದು ಸ್ಟೀರಾಯ್ಡಿನ ಸುಮಾರು 5 ಮಿಲಿಗ್ರಾಂಗೆ ಸಮ. ಉಬ್ಬಸದ ಉರಿಯೂತವನ್ನು ಅದು ತಗ್ಗಿಸುವುದು ನಿಜ, ಆದ್ದರಿಂದಲೇ ಪುಡಿ "ಗುಣ ಕೊಟ್ಟಿತು". ಹೊರಗಿನಿಂದ ದಿನವೂ ಸ್ಟೀರಾಯ್ಡ್ ಬರುತ್ತಿದ್ದರೆ ಮೆದುಳು ಅಡ್ರಿನಲ್ ಗ್ರಂಥಿಗೆ ಕೆಲಸದ ಸೂಚನೆ ಕೊಡುವುದನ್ನು ನಿಲ್ಲಿಸುತ್ತದೆ, ಗ್ರಂಥಿ ಕುಗ್ಗುತ್ತದೆ. ಪುಡಿ ಒಮ್ಮೆಗೇ ನಿಂತಾಗ ದೇಹದಲ್ಲಿ ಹೊರಗಿನದೂ ಇಲ್ಲ, ತನ್ನದೂ ಇಲ್ಲ. ಜ್ವರವೋ ನೆಗಡಿಯೋ ಬಂದರೆ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಹಿಡಿದು ನಿಲ್ಲಿಸುವವರೇ ಇರುವುದಿಲ್ಲ.

ಈ ಕುಟುಂಬ ಸ್ಟೀರಾಯ್ಡಿಗೆ ತುಂಬ ಹೆದರಿತ್ತು ಎಂಬುದೇ ಈ ಪ್ರಕರಣವನ್ನು ವಿವರವಾಗಿ ಬರೆಯಲು ಮುಖ್ಯ ಕಾರಣ. ಹಿಂದಿನ ವರ್ಷವೇ ಆಕೆಗೆ ಉಬ್ಬಸ ಎಂದು ಗುರುತಿಸಿ, ದಿನಕ್ಕೆ 200 ಮೈಕ್ರೋಗ್ರಾಂ ಬುಡೆಸೊನೈಡ್ ಎಂಬ ಸೇದುವ ಸ್ಟೀರಾಯ್ಡಿನ ಇನ್ಹೇಲರ್ ಕೊಡಲಾಗಿತ್ತು. ಮೂರು ವಾರದಲ್ಲಿ ನಿಲ್ಲಿಸಿದ್ದರು. "ಸ್ಟೀರಾಯ್ಡ್ ಅಂತೆ, ಅಭ್ಯಾಸವಾಗುತ್ತದಂತೆ, ಬೆಳವಣಿಗೆ ನಿಲ್ಲುತ್ತದಂತೆ." ಬಳಿಕ ಗಿಡಮೂಲಿಕೆ ಎಂದು ನಂಬಿ ಕೊಟ್ಟ ಪುಡಿಯಲ್ಲಿ ಅದೇ ಸ್ಟೀರಾಯ್ಡ್, ನೇರ ಹೊಟ್ಟೆಗೆ, ಅಳತೆಯಿಲ್ಲದೆ. ಇನ್ಹೇಲರಿನ ಇನ್ನೂರು ಮೈಕ್ರೋಗ್ರಾಂ ಎಂದರೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಭಾಗ, ಅದು ನೇರ ಶ್ವಾಸನಾಳದಲ್ಲಿ ಕೆಲಸ ಮಾಡಲೆಂದೇ ಇರುವುದು.

ಬೆಳವಣಿಗೆಯ ಭಯ ಆಧಾರವಿಲ್ಲದ್ದೇನಲ್ಲ. ಅದನ್ನು ಮುಚ್ಚಿಡುವುದರಿಂದ ವಿಶ್ವಾಸ ಬರುವುದಿಲ್ಲ. 2014ರ ಕೊಕ್ರೇನ್ ಪರಾಮರ್ಶೆಯ (ಒಂದೇ ವಿಷಯದ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಪ್ರಕಾರ ಸೇದುವ ಸ್ಟೀರಾಯ್ಡ್ ಬಳಸುವ ಮಕ್ಕಳ ಎತ್ತರದ ಬೆಳವಣಿಗೆ ಮೊದಲ ವರ್ಷದಲ್ಲಿ ಸರಾಸರಿ ಅರ್ಧ ಸೆಂಟಿಮೀಟರಿನಷ್ಟು ಕಡಿಮೆ. ಅಮೆರಿಕದಲ್ಲಿ ಬುಡೆಸೊನೈಡ್ ಪಡೆದ ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೆ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು: ಕೊನೆಯ ಎತ್ತರದಲ್ಲಿ ಸರಾಸರಿ ವ್ಯತ್ಯಾಸ 1.2 ಸೆಂಟಿಮೀಟರ್. ಇದನ್ನೇ ತಂದೆಯ ಮುಂದೆ ಅಳತೆಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದೆ. ಅವರು ಆ ಗೆರೆಯನ್ನು ನೋಡಿ, ಐಸಿಯುನ ಬಾಗಿಲನ್ನು ನೋಡಿ, "ಇಷ್ಟೇ ಆದರೆ ಕೊಡೋಣ" ಎಂದರು. ಭಯವನ್ನು ಅಲ್ಲಗಳೆಯುವುದಕ್ಕಿಂತ ಅದಕ್ಕೆ ಅಳತೆ ಕೊಡುವುದು ಮೇಲು ಎಂದು ನಾನು ಬಲವಾಗಿ ನಂಬಿದ್ದೇನೆ.

ಮಗು ಚೇತರಿಸಿಕೊಂಡ ಮೇಲೆ ಹುಬ್ಬಳ್ಳಿಯಲ್ಲಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಮಾಡಿಸಿದೆವು. ಸಾಲ್ಬುಟಮಾಲ್ ಕೊಟ್ಟ ಬಳಿಕ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 17 ಹೆಚ್ಚಿತು. ಶೇ 12 ದಾಟಿದರೆ ಉಬ್ಬಸಕ್ಕೆ ಬಲವಾದ ಆಧಾರ. ರಕ್ತದಲ್ಲಿ ಸೀಸವನ್ನೂ ನೋಡಿದೆವು, ಆತಂಕಪಡುವ ಮಟ್ಟ ಇರಲಿಲ್ಲ. ಬೋಸ್ಟನ್ ನಗರದಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತೆಂದು 2004ರಲ್ಲಿ ವರದಿಯಾಗಿದೆ. ಮೂಲ ತಿಳಿಯದ ಪುಡಿ ತಿಂದ ಮಗುವಿನಲ್ಲಿ ಈ ಪರೀಕ್ಷೆ ಮಾಡಿಸಲೇಬೇಕು.

ಆಮೇಲಿನ ಕೆಲಸ ನಿಧಾನದ್ದು. ಅಜ್ಜಿ ಹೇಳಿದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆಗಳನ್ನು ಕೇಳಿದೆವು: ಇದರಲ್ಲಿ ಏನಿದೆ, ಎಷ್ಟಿದೆ, ಮಕ್ಕಳಲ್ಲಿ ಪರೀಕ್ಷಿಸಿದ್ದಾರೆಯೇ, ಬೇರೆ ಔಷಧದೊಡನೆ ಜಗಳವಾಡುತ್ತದೆಯೇ. ಇನ್ಹೇಲರಿಗೂ ಇದೇ ಪ್ರಶ್ನೆ, ಕಷಾಯಕ್ಕೂ ಇದೇ ಪ್ರಶ್ನೆ. ಸಮನ್ವಯ ಚಿಕಿತ್ಸೆ ಎಂದರೆ ಎಲ್ಲ ಪದ್ಧತಿಯಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಬೆರೆಸುವುದು ಎಂದುಕೊಂಡವರಿದ್ದಾರೆ; ಹಾಗೆ ಬೆರೆಸುವುದಾದರೆ ಆ ಮಾರಾಟಗಾರನೂ ಅದನ್ನೇ ಮಾಡಿದ್ದ. ಒಂದೇ ಅಳತೆಗೋಲು ಇದ್ದಾಗ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ.

ಸಿತೋಪಲಾದಿ ಬರೆದುಕೊಟ್ಟ ವೈದ್ಯರನ್ನೂ ಕೂರಿಸಿಕೊಂಡೆವು. ಅವರು ಪುಡಿಯನ್ನು ಅಂಗೈ ಮೇಲೆ ಹರಡಿ, ಬಿಳಿ ಕಾಳನ್ನು ಉಗುರಿನಿಂದ ಬೇರೆ ಮಾಡಿ, "ಇದು ಶಾಸ್ತ್ರದ ಯಾವ ಚೂರ್ಣವೂ ಅಲ್ಲ" ಎಂದು ತಂದೆಗೆ ನೇರವಾಗಿ ಹೇಳಿದರು. ಆ ಮಾತು ನನ್ನ ಬಾಯಿಂದ ಬಂದಿದ್ದರೆ ಅರ್ಧ ನಂಬುತ್ತಿದ್ದರೇನೋ; ಅವರ ಬಾಯಿಂದ ಬಂದಿದ್ದರಿಂದ ಪೂರ್ತಿ ನಂಬಿದರು. ಸಿತೋಪಲಾದಿಯಲ್ಲಿ ಇರುವುದು ಕಲ್ಲುಸಕ್ಕರೆ, ವಂಶಲೋಚನ, ಹಿಪ್ಪಲಿ, ಏಲಕ್ಕಿ, ದಾಲ್ಚಿನ್ನಿ. 16, 8, 4, 2, 1ರ ಪ್ರಮಾಣ. ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಹಿಪ್ಪಲಿಯ ಪೈಪರಿನ್ ಅಂಶ, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್‌ನಂಥ ಔಷಧ ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ, ಮತ್ತು ಥಿಯೋಫಿಲಿನ್‌ನಲ್ಲಿ ಗುಣಕ್ಕೂ ವಿಷಕ್ಕೂ ಅಂತರ ಕಡಿಮೆ. ಈ ಹುಡುಗಿಗೆ ಥಿಯೋಫಿಲಿನ್ ಇರಲಿಲ್ಲ. ಪರವಾನಗಿ ಇರುವ ತಯಾರಕರ ಚೂರ್ಣವನ್ನು ನೆಗಡಿಯ ನಾಲ್ಕು ದಿನ ಕೊಡಬಹುದು, ದಿನನಿತ್ಯ ಬೇಡ ಎಂದು ನಾವಿಬ್ಬರೂ ಒಪ್ಪಿದೆವು.

ಆಡುಸೋಗೆಯ ಕತೆ ನನಗೆ ಪ್ರಿಯವಾದದ್ದು. ಅದರ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್, ಅದರಿಂದ ಆಂಬ್ರಾಕ್ಸಾಲ್ ತಯಾರಾದವು. ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ ಇಂದಿಗೂ ಇವೆ. ಬೇಲಿಯ ಗಿಡವೊಂದು ಔಷಧ ಅಂಗಡಿಗೆ ಬಂದ ಹಾದಿ ಅದು. ಆದರೆ ಅವು ಕಫವನ್ನು ತೆಳುವಾಗಿಸುವಂಥವು. ಉಬ್ಬಸದಲ್ಲಿ ಶ್ವಾಸನಾಳದ ಉರಿಯೂತವನ್ನು ತಡೆಯುವುದಿಲ್ಲ. ಎಲೆಯ ರಸದಲ್ಲಿ ಎಷ್ಟು ಅಂಶವಿದೆ ಎಂಬುದು ಗಿಡ, ಋತು, ಹಿಂಡಿದ ಕೈ ನೋಡಿ ಬದಲಾಗುತ್ತದೆ. ದಿನವೂ ಕೊಡುವುದನ್ನು ನಿಲ್ಲಿಸಿದೆವು.

ಜ್ಯೇಷ್ಠಮಧುವನ್ನು ತಕ್ಷಣ ನಿಲ್ಲಿಸಿದೆವು, ಅಜ್ಜಿಗೆ ಅದೇ ಹೆಚ್ಚು ಬೇಸರ ತಂದದ್ದು. ರುಚಿಗೆ ಚೂರು ಬೇರು ಅಪಾಯವಲ್ಲ. ಆದರೆ ದಿನವೂ ಕುದಿಸಿ ಕುಡಿಸಿದರೆ ಅದರ ಗ್ಲಿಸಿರೈಜಿನ್ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಸ್ಟೀರಾಯ್ಡಿನ ಪರಿಣಾಮವನ್ನು ಲಂಬಿಸುತ್ತದೆ. ಸಾಲ್ಬುಟಮಾಲ್ ಕೂಡ ಪೊಟ್ಯಾಸಿಯಂ ಇಳಿಸುವಂಥದ್ದೇ. ಎರಡು ಒಳ್ಳೆಯ ವಸ್ತುಗಳು ಒಂದೇ ಮಗುವಿನಲ್ಲಿ ಸೇರಿ ಕೆಡಕು ಮಾಡುವುದು ಹೀಗೆ.

ಹಬೆಯನ್ನು ಬಿಡಿಸಿದೆವು: ಉಬ್ಬಸಕ್ಕೆ ಉಪಯೋಗವಿಲ್ಲ, ಕುದಿಯುವ ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಮಕ್ಕಳೇನೂ ಕಡಿಮೆಯಿಲ್ಲ. ಕರ್ಪೂರದ ಎಣ್ಣೆಯೂ ಹೋಯಿತು; ಸ್ವಲ್ಪ ಕರ್ಪೂರ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು, ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದ. ಹಾಲು, ಮೊಸರು, ಬಾಳೆಹಣ್ಣು ವಾಪಸ್ ಬಂದವು. ಅವುಗಳಿಂದ ದಮ್ಮು ಕೆರಳಿದ ಒಂದು ನಿದರ್ಶನವೂ ಮನೆಯವರಿಗೆ ನೆನಪಿರಲಿಲ್ಲ. ನಾಲ್ಕು ತಿಂಗಳು ಸ್ಟೀರಾಯ್ಡ್ ತಿಂದ ಮೂಳೆಗೆ ಕ್ಯಾಲ್ಸಿಯಂ ಬೇಕಾದ ಹೊತ್ತಿನಲ್ಲೇ ಹಾಲು ನಿಂತಿತ್ತು ಎಂಬುದು ನೋವಿನ ಸಂಗತಿ.

ಜೇನುತುಪ್ಪ ಉಳಿಯಿತು. ನೆಗಡಿಯ ರಾತ್ರಿ ಕೆಮ್ಮಿಗೆ ಒಂದು ಚಮಚ ಜೇನು ಏನೂ ಕೊಡದಿರುವುದಕ್ಕಿಂತ ಮೇಲು ಎಂದು 2018ರ ಕೊಕ್ರೇನ್ ಪರಾಮರ್ಶೆ ಹೇಳುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಬಾಟುಲಿಸಂ ಎಂಬ ಮಾರಕ ಕಾಯಿಲೆಯ ಬೀಜಾಣು ಅದರಲ್ಲಿರಬಹುದು. ಜೀರಿಗೆ ಕೊತ್ತಂಬರಿ ಕಷಾಯ, ಒಂದೆಲಗದ ತಂಬುಳಿ ಇವೆಲ್ಲ ಊಟದ ಭಾಗ, ಅವಕ್ಕೆ ನನ್ನ ಅನುಮತಿ ಬೇಕಿಲ್ಲ.

ಪ್ರಾಣಾಯಾಮದ ಬಗ್ಗೆ ತಂದೆ ಕೇಳಿದರು. ಯೋಗ ಮತ್ತು ಉಬ್ಬಸದ ಮೇಲಿನ 2016ರ ಕೊಕ್ರೇನ್ ಪರಾಮರ್ಶೆಯಲ್ಲಿ 15 ಪ್ರಯೋಗಗಳು, 1048 ಜನ. ಜೀವನದ ಗುಣಮಟ್ಟದಲ್ಲಿ ಸಣ್ಣ ಸುಧಾರಣೆ ಇರಬಹುದು ಎಂಬ ತೀರ್ಮಾನ, ಬಹುಪಾಲು ದೊಡ್ಡವರಲ್ಲಿ. ಮಕ್ಕಳ ಉಸಿರಾಟದ ವ್ಯಾಯಾಮದ ಮೇಲೆ ಅದೇ ವರ್ಷ ಬಂದ ಪರಾಮರ್ಶೆಗೆ ಸಿಕ್ಕಿದ್ದು ಮೂರೇ ಪ್ರಯೋಗ, 112 ಮಕ್ಕಳು. ಅದರಿಂದ ಏನನ್ನೂ ಹೇಳಲಾಗದು. ಹಾನಿಯಿಲ್ಲ, ಹುಡುಗಿಗೆ ಅಪ್ಪನ ಜೊತೆ ಕೂರುವುದು ಇಷ್ಟ. ಇನ್ಹೇಲರ್ ಬದಲಿಗಲ್ಲ, ಜೊತೆಗೆ ಎಂಬ ಷರತ್ತಿನ ಮೇಲೆ ಸಂಜೆ ನಿಧಾನ ಉಸಿರಾಟ ಇರಲಿ ಎಂದೆ. ವಿಟಮಿನ್ ಡಿ ವಿಷಯದಲ್ಲಿ 2016ರಲ್ಲಿ ಉಬ್ಬಸದ ಉಲ್ಬಣ ತಗ್ಗಿಸುತ್ತದೆ ಎಂಬ ಆಸೆ ಹುಟ್ಟಿತ್ತು. 2023ರ ಪರಿಷ್ಕೃತ ಪರಾಮರ್ಶೆ ಆ ಲಾಭ ಕಾಣಲಿಲ್ಲ ಎಂದಿತು. ಆಕೆಯ ಮಟ್ಟ ಕಡಿಮೆ ಇದ್ದುದರಿಂದ ಕೊಟ್ಟೆವು, ಮೂಳೆಗಾಗಿ.

ಮನೆಗೂ ಹೋಗಿ ನೋಡಿದೆ. ಬಚ್ಚಲ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುಂಬಿತ್ತು. ಮಳೆಗಾಲದ ಸಿಪ್ಪೆ ಒದ್ದೆ, ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಆ ಹೊಗೆ ಮರದ ಸಂದಿನಿಂದ ಮೆತ್ತಿಗೆ ಏರುತ್ತಿತ್ತು, ಹುಡುಗಿ ಮಲಗುತ್ತಿದ್ದುದು ಅದೇ ಮೆತ್ತಿನ ಮೇಲೆ. ಹಾಸಿಗೆಯ ತಲೆದೆಸೆಯಲ್ಲಿ ತಟ್ಟೆಯಲ್ಲಿಟ್ಟ ಸೊಳ್ಳೆ ಬತ್ತಿ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ ಎಂದು 2003ರ ಅಧ್ಯಯನವೊಂದು ಅಳೆದು ತೋರಿಸಿದೆ. ಗೋಡೆಯ ಮೂಲೆಯಲ್ಲಿ ಬೂಸಲು, ಹಗ್ಗದ ಮೇಲೆ ಮೂರು ದಿನದ ಒದ್ದೆ ಬಟ್ಟೆ.

ಬತ್ತಿಯ ಬದಲು ಸೊಳ್ಳೆ ಪರದೆ ಬಂತು. ಹುಡುಗಿಯ ಹಾಸಿಗೆ ಜಗುಲಿಯ ಪಕ್ಕದ ಕೋಣೆಗೆ ಇಳಿಯಿತು. ಹಂಡೆಯ ಒಲೆಗೆ ಹೊಗೆ ಕೊಳವೆ ಹಾಕಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ರೂಪಿಸಿದ ಹೊಗೆರಹಿತ ಒಲೆಯನ್ನು ಇಲ್ಲಿಯ ಹಿರಿಯರು ಬಲ್ಲರು, ಅದರ ಬಗ್ಗೆ ಅವರನ್ನು ಒಪ್ಪಿಸಬೇಕಾಗಲಿಲ್ಲ. ಧೂಳುನುಸಿ ತಡೆಯುವ ದುಬಾರಿ ಹಾಸಿಗೆ ಹೊದಿಕೆ ಕೊಳ್ಳಬೇಕೇ ಎಂದು ತಾಯಿ ಕೇಳಿದರು. ಅದೊಂದರಿಂದಲೇ ಉಬ್ಬಸ ಸುಧಾರಿಸುತ್ತದೆ ಎಂಬುದನ್ನು ಪ್ರಯೋಗಗಳು ತೋರಿಸಿಲ್ಲ. ಆ ದುಡ್ಡು ಕೊಳವೆಗೆ ಹೋಗಲಿ ಎಂದೆ.

ಇನ್ಹೇಲರ್ ಸೇದುವ ರೀತಿಯೂ ತಪ್ಪಿತ್ತು. ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಹಿಡಿಯುವ ಟೊಳ್ಳು ಕೊಳವೆ) ಇಲ್ಲದೆ ನೇರ ಬಾಯಿಗೆ ಸಿಂಪಡಿಸುತ್ತಿದ್ದರು, ಬಹುಪಾಲು ಔಷಧ ಗಂಟಲಿಗೆ ಅಂಟಿ ಹೊಟ್ಟೆಗಿಳಿಯುತ್ತಿತ್ತು. ಅಂಗಡಿಯ ಸ್ಪೇಸರ್ ಬರುವವರೆಗೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದು, ಸುತ್ತ ಅಂಟು ಹಚ್ಚಿ ಕೊಟ್ಟೆವು. ಇಂಥ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ಮಕ್ಕಳಲ್ಲೇ ತೋರಿಸಿದ್ದಾರೆ. ಒಮ್ಮೆ ಒತ್ತು, ಬಾಟಲಿಯಿಂದಲೇ ಐದಾರು ಉಸಿರು, ಕೊನೆಗೆ ಬಾಯಿ ಮುಕ್ಕಳಿಸಿ ಉಗಿ. ಪ್ಲಾಸ್ಟಿಕ್ ಸ್ಪೇಸರನ್ನು ಸಾಬೂನು ನೀರಲ್ಲಿ ಅದ್ದಿ ಒರೆಸದೆ ಒಣಗಲು ಬಿಡಬೇಕು. ಬಟ್ಟೆಯಿಂದ ತಿಕ್ಕಿದರೆ ಹುಟ್ಟುವ ವಿದ್ಯುದಂಶ ಔಷಧವನ್ನು ಗೋಡೆಗೇ ಎಳೆದುಕೊಳ್ಳುತ್ತದೆ. ತೊಳೆದಿಡುವ ಹೊಣೆಯನ್ನು ಅಜ್ಜಿ ತಾವೇ ವಹಿಸಿಕೊಂಡರು.

ಅಡ್ರಿನಲ್ ಗ್ರಂಥಿ ಎಚ್ಚರಗೊಳ್ಳಲು ಏಳು ತಿಂಗಳು ಹಿಡಿಯಿತು. ಅಷ್ಟು ಕಾಲ ಕಡಿಮೆ ಪ್ರಮಾಣದ ಹೈಡ್ರೊಕಾರ್ಟಿಸೋನ್, ನಿಧಾನಕ್ಕೆ ಇಳಿಕೆ, ಆಗಾಗ ಬೆಳಗಿನ ಕಾರ್ಟಿಸಾಲ್ ಪರೀಕ್ಷೆ. ಜ್ವರ ಬಂದರೆ ಅಂದು ಮೂರು ಪಟ್ಟು ಕೊಡಬೇಕು, ವಾಂತಿಯಾದರೆ ಆಸ್ಪತ್ರೆಗೆ ಬರಬೇಕು ಎಂದು ಕನ್ನಡದಲ್ಲಿ ಬರೆದ ಚೀಟಿಯ ಒಂದು ಪ್ರತಿ ಶಾಲೆಯ ಚೀಲದಲ್ಲಿ, ಒಂದು ತರಗತಿಯ ಶಿಕ್ಷಕಿಯ ಬಳಿ. ಮುಖ ಮೊದಲಿನಂತಾಯಿತು. ನಾಲ್ಕರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಬಳಸುವ ಉಬ್ಬಸ ನಿಯಂತ್ರಣ ಪ್ರಶ್ನಾವಳಿಯಲ್ಲಿ 27ಕ್ಕೆ 12 ಇದ್ದ ಅಂಕ ಮುಂದಿನ ಆಗಸ್ಟ್‌ನಲ್ಲಿ 23 ಆಯಿತು. 19 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಯಂತ್ರಣವಿಲ್ಲ ಎಂದರ್ಥ. ಆ ಮಳೆಗಾಲದಲ್ಲಿ ಒಮ್ಮೆ ದಮ್ಮು ಕೆರಳಿತು, ಮನೆಯಲ್ಲೇ ಸಾಲ್ಬುಟಮಾಲ್‌ನಿಂದ ಶಮನವಾಯಿತು.

ಯಾವುದರಿಂದ ಎಷ್ಟು ಗುಣವಾಯಿತು ಎಂದು ಈ ಒಬ್ಬಳಿಂದ ಹೇಳಲಾಗದು. ಇನ್ಹೇಲರ್, ಹೊಗೆ ಕೊಳವೆ, ಬತ್ತಿ, ಹಾಸಿಗೆಯ ಜಾಗ ಎಲ್ಲವೂ ಕೆಲವೇ ವಾರಗಳಲ್ಲಿ ಬದಲಾದವು. ಸೇದುವ ಸ್ಟೀರಾಯ್ಡ್ ಉಬ್ಬಸದ ಉಲ್ಬಣವನ್ನೂ ಸಾವನ್ನೂ ತಗ್ಗಿಸುತ್ತದೆ ಎಂಬುದಕ್ಕೆ ದಶಕಗಳ ಪುರಾವೆ ಇರುವುದರಿಂದ ಹೆಚ್ಚಿನ ಪಾಲನ್ನು ನಾನು ಅದಕ್ಕೇ ಕೊಡುತ್ತೇನೆ. ಅಪ್ಪನ ಪ್ರಾಣಾಯಾಮಕ್ಕೆ ಎಷ್ಟು ಪಾಲು ಎಂದು ಕೇಳಿದರೆ ಹೇಳಲು ಆಧಾರವಿಲ್ಲ. ಆದರೆ ಆ ಮನೆ ಇನ್ಹೇಲರನ್ನು ಮತ್ತೆ ಕೈಗೆತ್ತಿಕೊಂಡದ್ದು ಕಷಾಯವನ್ನೂ ಅಜ್ಜಿಯನ್ನೂ ಗೌರವದಿಂದ ಕೇಳಿದ ಮೇಲೆಯೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಪುಡಿಯ ವಿಷಯವನ್ನು ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ ವರದಿ ಮಾಡಿದೆವು. ಔಷಧದಿಂದ ಅಡ್ಡಪರಿಣಾಮ ಕಂಡರೆ ವೈದ್ಯರಷ್ಟೇ ಅಲ್ಲ, ತಂದೆತಾಯಿಯೂ 1800-180-3024 ಶುಲ್ಕರಹಿತ ಸಂಖ್ಯೆಗೆ ತಿಳಿಸಬಹುದು. ಡಬ್ಬಿಯನ್ನು ಎಸೆಯಬೇಡಿ, ತಳದ ಚಿಟಿಕೆ ಪುಡಿಯೂ ಬೇಕಾಗುತ್ತದೆ. ಪುಡಿಯನ್ನು ಒಮ್ಮೆಗೇ ನಿಲ್ಲಿಸಲೂ ಬೇಡಿ. ತಿಂಗಳುಗಟ್ಟಲೆ ಕೊಟ್ಟಿದ್ದರೆ ಮಗುವನ್ನೂ ಡಬ್ಬಿಯನ್ನೂ ಅದೇ ದಿನ ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋಗಿ.